ಸ್ವಂತ ಹಾಡು ಹಾಡುವ ಸಣ್ಣ ಬ್ಯಾಂಡಿಗೊಂದು ಮೈಕ್: ಶೂರ್ ಎಸ್‌ಎಂ58

ಸ್ವಂತ ಹಾಡುಗಳನ್ನು ಕಟ್ಟಿಕೊಂಡು ವೇದಿಕೆ ಏರುವ ಸಣ್ಣ ಬ್ಯಾಂಡು ತನ್ನ ಮೊದಲ ಸಂಪಾದನೆಯಲ್ಲಿ ಏನನ್ನು ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ, ಹಾಡುವವರಿಗೆ ಅವರದೇ ಆದ ಒಂದು ಒಳ್ಳೆಯ ಮೈಕನ್ನು ಕೊಳ್ಳಿ ಎಂದು ನಾನು ಹಿಂದುಮುಂದು ನೋಡದೆ ಹೇಳುತ್ತೇನೆ. ಯಾವ ಮೈಕ್ ಎಂದು ಕೇಳಿದರೆ ಶೂರ್ ಕಂಪನಿಯ ಎಸ್‌ಎಂ58 ಎನ್ನುತ್ತೇನೆ. ಮಂಗಳೂರು ಮತ್ತು ಉಡುಪಿಯ ಆಸುಪಾಸಿನಲ್ಲಿ ಹಲವು ವರ್ಷಗಳಿಂದ ಇದೇ ಮೈಕಿನ ಮುಂದೆ ನಿಂತು ಹಾಡುತ್ತಿದ್ದೇನೆ. ಅದರ ಗುಣಗಳನ್ನೂ ಮಿತಿಗಳನ್ನೂ, ಅದಕ್ಕಿಂತ ಹೆಚ್ಚಾಗಿ ಜನರ ಎದುರು ಹಾಡುವ ಸುಖಕ್ಕೆ ಅದು ಹೇಗೆ ಒದಗುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತೇನೆ.

ನಮ್ಮದು ನಾಲ್ವರ ತಂಡ. ಒಂದು ಅಕೂಸ್ಟಿಕ್ ಗಿಟಾರ್, ಒಂದು ಕೀಬೋರ್ಡ್, ಡ್ರಮ್ ಸೆಟ್ಟಿನ ಬದಲಿಗೆ ಮೇಲೆ ಕೂತು ಬಾರಿಸುವ ಕಹೋನ್ ಎಂಬ ಮರದ ಪೆಟ್ಟಿಗೆ, ಮತ್ತು ನನ್ನ ದನಿ. ವಾರದ ದಿನಗಳಲ್ಲಿ ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಆಸ್ಪತ್ರೆಯಲ್ಲಿ, ಉಳಿದ ನಾವಿಬ್ಬರು ಶಾಲೆಯಲ್ಲಿ ದುಡಿಯುತ್ತೇವೆ. ಹಾಡುಗಳು ಕನ್ನಡ, ತುಳು, ಕೊಂಕಣಿಯಲ್ಲಿ ಇವೆ. ಬರೆದವರೂ ರಾಗ ಹಾಕಿದವರೂ ನಾವೇ. ಕದ್ರಿ, ಬಲ್ಮಠದ ಕಡೆಯ ಕೆಫೆಗಳು, ಮಣಿಪಾಲದಲ್ಲಿ ವಿದ್ಯಾರ್ಥಿಗಳು ಏರ್ಪಡಿಸುವ ಸಂಜೆಗಳು, ಇಗರ್ಜಿಯ ವಾರ್ಷಿಕ ಹಬ್ಬ, ಗಣೇಶೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮ, ಯುವಕ ಮಂಡಲದ ವಾರ್ಷಿಕೋತ್ಸವ, ಪಣಂಬೂರು ಮತ್ತು ಮಲ್ಪೆಯ ಕಡಲ ತೀರದ ಉತ್ಸವಗಳು, ಹೀಗೆ ಕರೆದಲ್ಲಿಗೆ ಹೋಗುತ್ತೇವೆ. ಈ ಊರಿನಲ್ಲಿ ಸ್ವಂತ ಹಾಡುಗಳನ್ನು ಕೇಳಲೆಂದೇ ಜನ ಸೇರುವ ರೂಢಿ ಹೊಸದೇನಲ್ಲ. ವಿಲ್ಫಿ ರೆಬಿಂಬಸ್ ಅವರು ತಮ್ಮದೇ ಕೊಂಕಣಿ ಹಾಡುಗಳ ‘ವಿಲ್ಫಿ ನೈಟ್’ ಕಾರ್ಯಕ್ರಮಗಳಿಂದ ಊರೂರುಗಳಲ್ಲಿ ಮೈದಾನ ತುಂಬಿಸಿದ್ದರು. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ತಿಂಗಳು ತಿಂಗಳೂ ಕೊಂಕಣಿ ಕಾರ್ಯಕ್ರಮ ನಡೆಸುತ್ತ ಬಂದಿದೆ. ಆ ಕೇಳುಗರ ಬಳಗವೇ ನಮ್ಮಂಥ ಸಣ್ಣವರಿಗೂ ಧೈರ್ಯ.

ಇಂಥ ವೇದಿಕೆಗಳಲ್ಲಿ ನಮ್ಮ ಕೈಯಲ್ಲಿರುವ ಸಂಗತಿಗಳು ಬಹಳ ಕಡಿಮೆ. ವೇದಿಕೆಯ ಅಳತೆಯನ್ನು ಸಂಘಟಕರು ನಿರ್ಧರಿಸಿರುತ್ತಾರೆ. ಸ್ಪೀಕರ್, ಮಿಕ್ಸರ್ ಎಲ್ಲ ಮೈಕ್‌ನವರದ್ದು. ಸಮಯವೆಂದರೆ ಸಭಾ ಕಾರ್ಯಕ್ರಮದ ಭಾಷಣ, ಸನ್ಮಾನಗಳೆಲ್ಲ ಮುಗಿದು ಉಳಿದಷ್ಟು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುವುದರಿಂದ, ಒಂಬತ್ತು ಗಂಟೆಗೆ ವೇದಿಕೆ ಸಿಕ್ಕವರು ಸೌಂಡ್ ಚೆಕ್ಕಿಗೆಂದು ಹದಿನೈದು ನಿಮಿಷ ಕಳೆದರೆ ಮೂರು ಹಾಡುಗಳು ಕೈಬಿಟ್ಟುಹೋಗುತ್ತವೆ. ಸ್ಟ್ಯಾಂಡಿಗೆ ಸಿಕ್ಕಿಸಿಟ್ಟ ಮೈಕು ಅಂದು ಬೆಳಗ್ಗಿನಿಂದ ಪ್ರಾರ್ಥನೆ, ಸ್ವಾಗತ, ಲಕ್ಕಿ ಡಿಪ್ ಘೋಷಣೆ ಎಂದು ಹತ್ತಾರು ಕೈ ದಾಟಿ ಬಂದಿರುತ್ತದೆ. ಅದರಲ್ಲಿ ನಮ್ಮ ದನಿ ಹೇಗೆ ಕೇಳಿಸೀತು ಎಂಬುದು ಮೊದಲ ಸಾಲು ಹಾಡುವ ತನಕ ತಿಳಿಯುವುದಿಲ್ಲ. ಸ್ವಂತ ಮೈಕನ್ನು ಒಯ್ದರೆ ಈ ಅನಿಶ್ಚಿತಗಳ ನಡುವೆ ಒಂದು ಸಂಗತಿಯಾದರೂ ಪ್ರತಿ ಸಲ ಒಂದೇ ಥರ ಇರುತ್ತದೆ. ಎಷ್ಟು ಹತ್ತಿರ ಹೋದರೆ ದನಿ ದಪ್ಪವಾಗುತ್ತದೆ, ತಾರಸ್ಥಾಯಿಗೆ ಏರುವಾಗ ಎಷ್ಟು ಹಿಂದೆ ಸರಿಯಬೇಕು ಎಂಬುದು ಅಭ್ಯಾಸದಿಂದಲೇ ಮೈಗೂಡಿರುವುದರಿಂದ, ಗಮನವನ್ನು ಪೂರ್ತಿಯಾಗಿ ಹಾಡಿಗೂ ಎದುರು ಕುಳಿತವರಿಗೂ ಕೊಡಬಹುದು.

ಇನ್ನು ವಸ್ತುವಿನ ವಿಚಾರಕ್ಕೆ ಬರುತ್ತೇನೆ. ಶೂರ್ 1925ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಆರಂಭವಾದ ಕಂಪನಿ. ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಅಂದಿನಿಂದ ಇಂದಿನವರೆಗೆ ಅದರ ಮೂಲ ರೂಪ ಬದಲಾಗಿಲ್ಲ. ಸ್ಟುಡಿಯೊಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದನ್ನು ವೇದಿಕೆಯ ಗಾಯಕರು ತಮ್ಮದಾಗಿಸಿಕೊಂಡರು, ಮತ್ತೆ ಬಿಟ್ಟುಕೊಡಲಿಲ್ಲ. ಕಡು ಬೂದುಬಣ್ಣದ ಎರಕದ ಲೋಹದ ಹಿಡಿ, ಮೇಲೆ ಉಕ್ಕಿನ ಜಾಲರಿಯ ದುಂಡು ತಲೆ, ಅದರೊಳಗೆ ತೆಳ್ಳನೆಯ ಸ್ಪಂಜು. ಉದ್ದ 162 ಮಿಲಿಮೀಟರ್, ತೂಕ 298 ಗ್ರಾಂ. ಪೆಟ್ಟಿಗೆಯಲ್ಲಿ ಮೈಕಿನ ಜೊತೆಗೆ ಸ್ಟ್ಯಾಂಡಿಗೆ ಹಾಕುವ ಕ್ಲಿಪ್ ಮತ್ತು ಜಿಪ್ ಇರುವ ಒಂದು ಚೀಲ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಮಾದರಿಯಲ್ಲಿ ಕೇಬಲ್ ಇರುವುದಿಲ್ಲ, ಅದನ್ನು ಬೇರೆಯಾಗಿಯೇ ಕೊಳ್ಳಬೇಕು.

ಇದು ಡೈನಾಮಿಕ್ ಜಾತಿಯ ಮೈಕ್. ದನಿಯ ಅಲೆಗಳು ಬಡಿದಾಗ ಒಳಗಿನ ತೆಳು ಪೊರೆಯೂ ಅದಕ್ಕಂಟಿದ ತಂತಿಯ ಸುರುಳಿಯೂ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟುತ್ತದೆ. ಹಾಗಾಗಿ ಬ್ಯಾಟರಿಯಾಗಲಿ, ಮಿಕ್ಸರಿನಿಂದ ಬರುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತಾಗಲಿ ಬೇಕಾಗಿಲ್ಲ. ಪಕ್ಕದ ಚಾನೆಲ್ಲಿಗೆಂದು ಫ್ಯಾಂಟಮ್ ಹಾಕಿಟ್ಟಿದ್ದರೂ ಸರಿಯಾದ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬಳಸಿದಾಗ ಇದಕ್ಕೆ ತೊಂದರೆಯಿಲ್ಲ. ಕಾರಿನ ಡಿಕ್ಕಿಯಲ್ಲಿ ಸ್ಟ್ಯಾಂಡುಗಳ ಅಡಿಯಲ್ಲಿ ಬಿದ್ದುಕೊಂಡು ಚಾರ್ಮಾಡಿ ಘಾಟಿ ಹತ್ತಿಳಿದು ಬಂದರೂ ಇದು ಸುಮ್ಮನೆ ಕೆಲಸ ಮಾಡುತ್ತದೆ. ದನಿ ಹಿಡಿಯುವ ಒಳಭಾಗ, ಎಂದರೆ ಕ್ಯಾಪ್ಸೂಲು, ರಬ್ಬರಿನ ಆಧಾರದ ಮೇಲೆ ಕುಳಿತಿರುವುದರಿಂದ ಕೈಯ ಹಿಡಿತ ಬದಲಾದಾಗ ಬರುವ ಸದ್ದು ಕೂಡ ಬಹಳ ಕಡಿಮೆ.

ನಮ್ಮಂಥ ಬ್ಯಾಂಡಿಗೆ ಈ ಮೈಕ್ ಏಕೆ ಹೊಂದುತ್ತದೆ ಎಂಬುದಕ್ಕೆ ನಾನು ಕೊಡುವ ಮುಖ್ಯ ಕಾರಣ ಮಾತ್ರ ಗಟ್ಟಿತನವಲ್ಲ, ಮಾತು ಕೇಳಿಸುವ ರೀತಿ. ಹೆಸರಾದ ಸಿನಿಮಾ ಹಾಡನ್ನು ಹಾಡುವಾಗ ಅರ್ಧ ಶಬ್ದಗಳು ಕೇಳಿಸದಿದ್ದರೂ ಜನ ಅದನ್ನು ನೆನಪಿನಿಂದ ತುಂಬಿಕೊಳ್ಳುತ್ತಾರೆ. ಸ್ವಂತ ಹಾಡಿಗೆ ಆ ಅನುಕೂಲವಿಲ್ಲ. ನಾವು ಹಾಡುವ ಸಾಲನ್ನು ಎದುರಿನವರು ಜೀವನದಲ್ಲೇ ಮೊದಲ ಬಾರಿಗೆ ಕೇಳುತ್ತಿರುತ್ತಾರೆ. ಅಲ್ಲಿ ತಪ್ಪಿದ ಶಬ್ದ ತಪ್ಪಿದಂತೆಯೇ. ಎಸ್‌ಎಂ58 ಹಿಡಿಯುವ ಕಂಪನಗಳ ವ್ಯಾಪ್ತಿ 50ರಿಂದ 15,000 ಹರ್ಟ್ಸ್ ವರೆಗೆ. ಆ ವ್ಯಾಪ್ತಿಯುದ್ದಕ್ಕೂ ಅದು ಸಮನಾಗಿ ಹಿಡಿಯುವುದಿಲ್ಲ, ಮತ್ತು ಹಾಗೆ ಹಿಡಿಯದಿರುವುದೇ ಅದರ ಗುಣ. ಸುಮಾರು 100 ಹರ್ಟ್ಸ್‌ನಿಂದ ಕೆಳಗೆ ಅದು ತಗ್ಗುತ್ತ ಹೋಗುತ್ತದೆ, ಹೀಗಾಗಿ ಹಲಗೆಯ ವೇದಿಕೆಯ ಮೇಲೆ ನಡೆದಾಡುವವರ ದಡದಡ ಸದ್ದು ತಗ್ಗುತ್ತದೆ. 4,000 ಹರ್ಟ್ಸ್ ದಾಟಿದ ಬಳಿಕ ಸ್ವಲ್ಪ ಎದ್ದು ನಿಲ್ಲುತ್ತದೆ, ಸ, ಶ, ಚ, ಟ ಮುಂತಾದ ವ್ಯಂಜನಗಳ ಅಂಚು ಸ್ಪಷ್ಟವಾಗುವುದು ಅಲ್ಲೇ. ಪ, ಫ, ಭ ಎಂದಾಗ ಬಾಯಿಂದ ನುಗ್ಗುವ ಗಾಳಿಯನ್ನು ದುಂಡು ಜಾಲರಿಯೂ ಸ್ಪಂಜೂ ಸಾಕಷ್ಟು ತಡೆಯುತ್ತವೆ. ಗಿಟಾರಿನ ತಂತಿಗಳೂ ಕೀಬೋರ್ಡೂ ಕೂಡಿ ನುಡಿಯುತ್ತಿರುವಾಗಲೂ ಶಬ್ದಗಳು ಅವುಗಳ ಮೇಲೆ ತೇಲಿ ಬರುವುದು ಈ ಕಾರಣದಿಂದ.

ಕರಾವಳಿಯ ಕೇಳುಗರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ಕಿವಿಗಳು ಇವು. ಚೆಂಡೆ ಮದ್ದಳೆಗಳು ಏರು ಲಯದಲ್ಲಿ ನುಡಿಯುತ್ತಿದ್ದರೂ ಪದ್ಯದ ಪ್ರತಿ ಅಕ್ಷರ ತಮಗೆ ತಲುಪಬೇಕೆಂದು ಅಪೇಕ್ಷಿಸುವವರು, ತಲುಪದಿದ್ದರೆ ಆಟ ಮುಗಿದ ಮೇಲೆ ಕಲಾವಿದರು ವೇಷ ಕಟ್ಟುವ ಚೌಕಿಗೇ ಹೋಗಿ ಹೇಳುವವರು ಇಲ್ಲಿದ್ದಾರೆ. ನಮ್ಮ ಕಾರ್ಯಕ್ರಮ ಮುಗಿದ ಬಳಿಕವೂ ಹಿರಿಯರು ಹತ್ತಿರ ಬಂದು ರಾಗದ ಬಗ್ಗೆ ಮಾತಾಡುವುದಕ್ಕಿಂತ ಮೊದಲು ಸಾಹಿತ್ಯದ ಬಗ್ಗೆ ಮಾತಾಡುತ್ತಾರೆ. ಮೀನುಗಾರಿಕೆಯ ಬೋಟಿನ ಬಗ್ಗೆ ಬರೆದ ನಮ್ಮದೊಂದು ತುಳು ಹಾಡನ್ನು ಮಲ್ಪೆಯಲ್ಲಿ ಹಾಡಿದಾಗ, ಎರಡನೆಯ ಚರಣದಲ್ಲಿ ಬಲೆ ಹೆಣೆಯುವ ವಿವರ ಬಂದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಶಬ್ದ ತಲುಪಿದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ. ಸ್ಟುಡಿಯೊದಲ್ಲಿ ಹಾಡಿ ಅಂತರ್ಜಾಲಕ್ಕೆ ಏರಿಸಿದ ಹಾಡನ್ನು ಸಾವಿರಾರು ಮಂದಿ ಕೇಳಿರಬಹುದು, ಆದರೆ ಕೇಳುವ ಆ ಕ್ಷಣದ ಮುಖವನ್ನು ಹಾಡುವವರು ನೋಡುವುದು ವೇದಿಕೆಯಲ್ಲಿ ಮಾತ್ರ. ಹಾಡು ಬರೆದವರೇ ಹಾಡುವಾಗ ಈ ಸಂತೋಷ ಇಮ್ಮಡಿಯಾಗುತ್ತದೆ.

ಮೈಕಿಗೆ ಹತ್ತಿರವಾದಷ್ಟೂ ಮಂದ್ರದ ಸ್ವರಗಳು ದಪ್ಪವಾಗುವುದು ಇಂಥ ಮೈಕುಗಳ ಸ್ವಭಾವ. ಜಾಲರಿಗೆ ತುಟಿ ತಾಗುವಷ್ಟು ಸಮೀಪದಿಂದ ಹಾಡಿದರೆ ದನಿಗೆ ಒಂದು ಆಪ್ತವಾದ ತೂಕ ಬರುತ್ತದೆ. ನಾಲ್ಕು ಬೆರಳು ಹಿಂದೆ ಸರಿದರೆ ಅದು ತಿಳಿಯಾಗುತ್ತದೆ. ಇದನ್ನು ದೋಷವೆಂದು ದೂರುವವರಿದ್ದಾರೆ. ನನ್ನ ಮಟ್ಟಿಗೆ ಇದು ಕೈಯಲ್ಲಿರುವ ಇನ್ನೊಂದು ವಾದ್ಯ. ಮಳೆಗಾಲ ಮುಗಿಯುತ್ತ ಬಂದಿದ್ದ ಸಮಯದಲ್ಲಿ ಒಂದು ಇಗರ್ಜಿಯ ಅಂಗಳದಲ್ಲಿ ತಗಡಿನ ಚಪ್ಪರದ ಅಡಿ ಹಾಡುತ್ತಿದ್ದೆವು. ಮೂರನೆಯ ಹಾಡಿಗೆ ಮಳೆ ಹಿಡಿಯಿತು. ತಗಡಿನ ಮೇಲೆ ಬಿದ್ದ ಮಳೆಯ ಸದ್ದಿಗೆ ಕಹೋನ್ ಕೇಳಿಸುತ್ತಿರಲಿಲ್ಲ, ಕೀಬೋರ್ಡ್ ಕೇಳಿಸುತ್ತಿರಲಿಲ್ಲ. ಗಿಟಾರ್ ಬಾರಿಸುವ ಗೆಳೆಯ ನನ್ನ ಮುಖ ನೋಡಿ ತಾಳವನ್ನು ಅರ್ಧಕ್ಕೆ ಇಳಿಸಿದ. ನಾನು ಮೈಕಿಗೆ ಪೂರ್ತಿ ಹತ್ತಿರವಾಗಿ, ದನಿಯನ್ನು ಏರಿಸುವ ಬದಲು ತಗ್ಗಿಸಿ, ಕೊಂಕಣಿಯ ಒಂದು ಲಾಲಿಯನ್ನು ಆರಂಭಿಸಿದೆ. ಹತ್ತಿರದ ಆ ದಪ್ಪ ದನಿ ಮಳೆಯ ಸದ್ದಿನ ಕೆಳಗಿನಿಂದ ಹಾದು ಜನರಿದ್ದಲ್ಲಿಗೆ ತಲುಪಿತು. ಅಂಗಳದ ಅಂಚಿನಲ್ಲಿ ನೆನೆಯುತ್ತಿದ್ದವರು ಪ್ಲಾಸ್ಟಿಕ್ ಕುರ್ಚಿಗಳನ್ನು ಎತ್ತಿಕೊಂಡು ವೇದಿಕೆಯ ಬುಡಕ್ಕೇ ಬಂದು ಕುಳಿತರು, ಮಕ್ಕಳು ಮೆಟ್ಟಿಲ ಮೇಲೆ ಹತ್ತಿ ಕುಳಿತರು. ಕೊನೆಯ ಪಲ್ಲವಿಯನ್ನು ಅವರೂ ಹಾಡುತ್ತಿದ್ದರು, ಅದನ್ನು ಅವರು ಹಿಂದೆಂದೂ ಕೇಳಿದವರಲ್ಲ. ದೊಡ್ಡ ಮೈದಾನದಲ್ಲಿ, ಬ್ಯಾರಿಕೇಡಿನ ಆಚೆ ಜನರನ್ನು ನಿಲ್ಲಿಸಿ ನಡೆಯುವ ಕಾರ್ಯಕ್ರಮದಲ್ಲಿ ಇದು ಸಾಧ್ಯವಾಗಲಾರದು. ಸಣ್ಣ ಬ್ಯಾಂಡು ಯಾರನ್ನೂ ಕೇಳದೆ ಹಾಡಿನ ಪಟ್ಟಿ ಬದಲಿಸಬಹುದು, ತಾಳ ಇಳಿಸಬಹುದು, ಬಂದ ಮಳೆಯನ್ನೇ ಹಾಡಿಗೆ ಸೇರಿಸಿಕೊಳ್ಳಬಹುದು.

ನಾಲ್ವರು ಒಟ್ಟಿಗೆ ನುಡಿಸುವ ಸುಖ ಹುಟ್ಟುವುದು ಒಬ್ಬರನ್ನೊಬ್ಬರು ಕೇಳಿಸಿಕೊಂಡಾಗ. ವೇದಿಕೆಯಲ್ಲಿ ಅದಕ್ಕೆ ನಮ್ಮ ಕಡೆಗೇ ಮುಖಮಾಡಿದ ಮಾನಿಟರ್ ಸ್ಪೀಕರ್ ಬೇಕು, ಮಾನಿಟರ್ ಏರಿಸಿದರೆ ಮೈಕ್ ಕೂಗಿಕೊಳ್ಳುತ್ತದೆ. ಸಣ್ಣ ವೇದಿಕೆಗಳ ನಿತ್ಯದ ತಲೆನೋವು ಇದು. ಎಸ್‌ಎಂ58 ಕಾರ್ಡಿಯಾಯ್ಡ್ ವಿನ್ಯಾಸದ್ದು, ಎಂದರೆ ಮುಂದಿನಿಂದ ಬರುವ ದನಿಗೆ ಪೂರ್ತಿ ಕಿವಿಗೊಟ್ಟು, ಅಕ್ಕಪಕ್ಕದ್ದನ್ನು ಕಡಿಮೆ ಮಾಡಿ, ನೇರ ಹಿಂಬದಿಯಿಂದ ಬರುವುದನ್ನು ಬಹುಮಟ್ಟಿಗೆ ತಳ್ಳಿಹಾಕುವಂಥದ್ದು. ಮಾನಿಟರನ್ನು ಹಾಡುವವರ ಎದುರಿಗೆ, ಮೈಕಿನ ಬಾಲ ತೋರಿಸುವ ದಿಕ್ಕಿನಲ್ಲಿಯೇ ಇಟ್ಟರೆ ಕೂಗುವ ಭಯವಿಲ್ಲದೆ ಸಾಕಷ್ಟು ದನಿ ಪಡೆಯಬಹುದು. ಹಲವೆಡೆ ಮಾನಿಟರನ್ನು ಜಾಗ ಸಾಲದೆಂದು ಪಕ್ಕದ ಮೂಲೆಗೆ ತಳ್ಳಿರುತ್ತಾರೆ. ಮೈಕ್‌ನವರಲ್ಲಿ ವಿನಯದಿಂದ ಕೇಳಿಕೊಂಡು ಎದುರಿಗೆ ತರಿಸಿಕೊಳ್ಳುವುದು ಸೌಂಡ್ ಚೆಕ್ಕಿನ ಎಲ್ಲ ಕೆಲಸಗಳಿಗಿಂತ ಮುಖ್ಯ. ಇನ್ನೊಂದು ಸಂಗತಿಯನ್ನು ಹೊಸ ಗಾಯಕರು ತಿಳಿದಿರಬೇಕು. ನೋಡಲು ಚೆಂದವೆಂದು ದುಂಡು ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಹಿಂಬದಿಯ ರಂಧ್ರಗಳು ಮುಚ್ಚಿಕೊಂಡು ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳಲಾರಂಭಿಸುತ್ತದೆ, ಮಾತು ಡಬ್ಬದೊಳಗಿನಿಂದ ಬಂದಂತಾಗುತ್ತದೆ, ಕೂಗು ತಕ್ಷಣ ಶುರುವಾಗುತ್ತದೆ. ಹಿಡಿಯ ನಡುಭಾಗದಲ್ಲಿ ಹಿಡಿದರೆ ಸಾಕು.

ಮಾನಿಟರ್ ಸರಿಯಾಗಿ ಕುಳಿತ ದಿನ ನಡೆಯುವುದೇ ಬೇರೆ. ಕಹೋನಿನವನು ಚರಣದ ಕೊನೆಯಲ್ಲಿ ಒಂದು ಹೊಡೆತವನ್ನು ತಡೆದು ಹಿಡಿದದ್ದು ನನಗೆ ಕೇಳಿಸುತ್ತದೆ, ನಾನು ಆ ಖಾಲಿ ಜಾಗದಲ್ಲಿ ಶಬ್ದವೊಂದನ್ನು ಎಳೆದು ನಿಲ್ಲಿಸುತ್ತೇನೆ, ಕೀಬೋರ್ಡಿನ ಗೆಳತಿ ಅದನ್ನು ಕೇಳಿ ಒಂದು ಸ್ವರ ಕೆಳಗೆ ಇಳಿದು ಹೊಸ ದಾರಿ ತೋರಿಸುತ್ತಾಳೆ. ರಿಹರ್ಸಲಿನಲ್ಲಿ ಇರದಿದ್ದ ಒಂದು ನಡೆ ಆ ಕ್ಷಣದಲ್ಲಿ ಹುಟ್ಟಿ, ಜನರ ಚಪ್ಪಾಳೆಯಲ್ಲಿ ಗಟ್ಟಿಯಾಗಿ, ಮುಂದಿನ ಕಾರ್ಯಕ್ರಮದ ಹೊತ್ತಿಗೆ ಹಾಡಿನ ಭಾಗವೇ ಆಗಿಬಿಡುತ್ತದೆ. ನಮ್ಮ ಹೆಚ್ಚಿನ ಹಾಡುಗಳು ಈಗಿರುವ ರೂಪಕ್ಕೆ ಬಂದದ್ದು ಹೀಗೆ, ವೇದಿಕೆಯ ಮೇಲೆಯೇ. “ಬೊಕ್ಕೊಂಜಿ ಪದ ಪಣ್ಲೆ” (ಇನ್ನೊಂದು ಹಾಡು ಹಾಡಿ) ಎಂದು ಹಿಂದಿನ ಸಾಲಿನಿಂದ ಕೂಗು ಬಂದಾಗ ನಾಲ್ವರೂ ಒಟ್ಟಿಗೆ ಗಡಿಯಾರ ನೋಡಿ, ಹತ್ತಕ್ಕೆ ಇನ್ನೂ ಸ್ವಲ್ಪ ಸಮಯವಿದೆಯೆಂದು ಖಚಿತಪಡಿಸಿಕೊಂಡು, ಯಾವ ಹಾಡೆಂದು ಕಣ್ಣಿನಲ್ಲೇ ಮಾತಾಡಿಕೊಳ್ಳುವುದಿದೆಯಲ್ಲ, ವಾರವಿಡೀ ದುಡಿದ ದಣಿವು ಅಲ್ಲಿಗೆ ಮುಗಿಯುತ್ತದೆ.

ಮೈಕ್‌ನವರಿಗೂ ಇದರ ಪರಿಚಯ ಚೆನ್ನಾಗಿದೆ ಎಂಬುದು ಇನ್ನೊಂದು ದೊಡ್ಡ ಅನುಕೂಲ. ಪುತ್ತೂರಿನ ಕಡೆಯ ಒಂದು ಕಾರ್ಯಕ್ರಮದಲ್ಲಿ “ಅಣ್ಣ, ನಮ್ಮದೊಂದು ಮೈಕ್ ಉಂಟು, ಇದನ್ನೇ ಹಾಕಬಹುದಾ?” ಎಂದು ಕೇಳಿದಾಗ ಆ ಹಿರಿಯರು ಅದನ್ನು ಕೈಯಲ್ಲಿ ತೂಗಿ ನೋಡಿ, “ಇದಾದರೆ ಆಯಿತು ಮಾರಾಯ್ರೆ, ನಾನು ಹೆಚ್ಚು ಏನೂ ತಿರುಗಿಸಬೇಕೂಂತ ಇಲ್ಲ” ಎಂದು ತಾವೇ ಕೇಬಲ್ ಸಿಕ್ಕಿಸಿ ಕೊಟ್ಟರು. ಅಪರಿಚಿತ ಮೈಕನ್ನು ಒಯ್ದರೆ ಅವರಿಗೆ ಅದರ ಗುಣ ಹಿಡಿಯಲು ಸಮಯ ಬೇಕು, ನಮ್ಮಲ್ಲಿ ಆ ಸಮಯ ಇರುವುದಿಲ್ಲ. ಮಿಕ್ಸರಿನ ಯಾವ ಗುಬುಟನ್ನು ಎಲ್ಲಿಗೆ ತಿರುಗಿಸಿದರೆ ಎಸ್‌ಎಂ58 ಚೆನ್ನಾಗಿ ನುಡಿಯುತ್ತದೆ ಎಂಬುದು ವರ್ಷಗಟ್ಟಲೆ ಶಾಮಿಯಾನದ ಬದಿಯಲ್ಲಿ ಕುಳಿತು ಕೆಲಸ ಮಾಡಿದವರಿಗೆ ಕೈಯಲ್ಲೇ ಬಂದಿರುತ್ತದೆ.

ಮಿತಿಗಳನ್ನೂ ಹೇಳಬೇಕು. ಈ ಮೈಕ್ ಹುಟ್ಟಿಸುವ ಸಂಕೇತ ಕ್ಷೀಣವಾದದ್ದು, ಆದ್ದರಿಂದ ಮಿಕ್ಸರಿನಲ್ಲಿ ಗೇನ್, ಎಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚು ಕೊಡಬೇಕಾಗುತ್ತದೆ. ಮೆಲುದನಿಯವರು ದೂರದಿಂದ ಹಾಡಿದರೆ ಅಗ್ಗದ ಮಿಕ್ಸರಿನ ಸೊಯ್ ಎನ್ನುವ ಸದ್ದೂ ಅದರೊಂದಿಗೆ ಏರುತ್ತದೆ. ಸಣ್ಣ ಸಂಘ, ಭಜನಾ ಮಂದಿರಗಳಲ್ಲಿರುವ ಹಳೆಯ ಆಂಪ್ಲಿಫೈಯರುಗಳಲ್ಲಿ ಎಷ್ಟೋ ಸಲ ದಪ್ಪ ಜ್ಯಾಕಿನ ತೂತು ಮಾತ್ರ ಇರುತ್ತದೆ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುವುದಿಲ್ಲ. ಅಲ್ಲಿ ಎಕ್ಸ್‌ಎಲ್‌ಆರ್‌ನಿಂದ ಜ್ಯಾಕಿಗೆ ಹೋಗುವ ಕೇಬಲ್ ಬೇಕು, ಅದು ಆದಷ್ಟು ಗಿಡ್ಡವಾಗಿರಬೇಕು. ಮೂರು ಪಿನ್ನಿನ ಕೇಬಲಿನಲ್ಲಿ ಎರಡು ತಂತಿಗಳು ಒಂದೇ ಸಂಕೇತವನ್ನು ಪರಸ್ಪರ ವಿರುದ್ಧವಾಗಿ ಒಯ್ಯುವುದರಿಂದ ದಾರಿಯಲ್ಲಿ ಎರಡಕ್ಕೂ ಸೇರುವ ಗುಂಯ್ಗುಡುವಿಕೆ ಮಿಕ್ಸರಿನಲ್ಲಿ ರದ್ದಾಗುತ್ತದೆ. ಜ್ಯಾಕಿನ ಕೇಬಲಿನಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಅಲಂಕಾರದ ಸೀರಿಯಲ್ ಲೈಟು, ಜನರೇಟರಿನ ವೈರುಗಳು ಒಟ್ಟೊಟ್ಟಿಗೆ ಹಾದುಹೋಗುವ ನಮ್ಮ ವೇದಿಕೆಗಳಲ್ಲಿ ಈ ವ್ಯತ್ಯಾಸ ಕೂಡಲೇ ಕಿವಿಗೆ ಬೀಳುತ್ತದೆ. ಇನ್ನು, 15,000 ಹರ್ಟ್ಸ್‌ಗೇ ಇದರ ವ್ಯಾಪ್ತಿ ಮುಗಿಯುವುದರಿಂದ ಉಸಿರಿನ ಸೂಕ್ಷ್ಮಗಳು, ಪಿಟೀಲಿನ ಮೇಲ್ತುದಿಯ ಹೊಳಪು ಇದರಲ್ಲಿ ಪೂರ್ತಿ ಸಿಗುವುದಿಲ್ಲ. ಸ್ಟುಡಿಯೊದ ಕಂಡೆನ್ಸರ್ ಮೈಕಿನಲ್ಲಿ ಸಿಗುವ ಆ ನವಿರನ್ನು ಇಲ್ಲಿ ಹುಡುಕಬಾರದು. ಆದರೆ ಅಂಥ ಕಂಡೆನ್ಸರ್ ಮೈಕನ್ನು ಕೆಫೆಯ ಮೂಲೆಯಲ್ಲಿ ಕಹೋನಿನಿಂದ ಮೂರಡಿ ದೂರದಲ್ಲಿ ಇಟ್ಟರೆ, ಅದು ಕಹೋನನ್ನೂ ಕಾಫಿ ಯಂತ್ರವನ್ನೂ ನನ್ನ ದನಿಯಷ್ಟೇ ಪ್ರೀತಿಯಿಂದ ಹಿಡಿಯುತ್ತದೆ.

ಕಡಲ ತೀರದ ಊರಿನಲ್ಲಿ ಯಾವ ಉಪಕರಣದ ಬಗ್ಗೆ ಬರೆದರೂ ತುಕ್ಕು ಮತ್ತು ಬೂಷ್ಟಿನ ಮಾತು ಬರಲೇಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಇಲ್ಲಿ ಜಾಲರಿಯೊಳಗಿನ ಸ್ಪಂಜು ಎಂಜಲು ಮತ್ತು ತೇವ ಹೀರಿಕೊಂಡು ಬೇಗ ವಾಸನೆ ಹಿಡಿಯುತ್ತದೆ. ದುಂಡು ಜಾಲರಿಯನ್ನು ತಿರುಗಿಸಿ ಬಿಚ್ಚಿ, ಮೈಕಿನ ಉಳಿದ ಭಾಗವನ್ನು ದೂರವಿಟ್ಟು, ಜಾಲರಿಯನ್ನೂ ಸ್ಪಂಜನ್ನೂ ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಮತ್ತೆ ಹಾಕಿದರೆ ಹೊಸದರಂತಾಗುತ್ತದೆ. ಪೂರ್ತಿ ಒಣಗುವ ತನಕ ಹಾಕಬಾರದು, ಮಳೆಗಾಲದಲ್ಲಿ ಅದಕ್ಕೆ ಒಂದು ಇಡೀ ದಿನ ಬೇಕಾಗಬಹುದು. ಪಣಂಬೂರಿನಂಥ ತೀರದಲ್ಲಿ ಹಾಡಿ ಬಂದ ರಾತ್ರಿ ಒಣ ಬಟ್ಟೆಯಿಂದ ಹಿಡಿಯನ್ನೂ ಜಾಲರಿಯನ್ನೂ ಒರೆಸಿಡುವುದು ನನ್ನ ರೂಢಿ. ಚೀಲದಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಇನ್ನೂ ಒಳ್ಳೆಯದು. ಪೆಟ್ಟು ಬಿದ್ದು ಜಾಲರಿ ನಗ್ಗಿದರೆ ಅದನ್ನಷ್ಟೇ ಕೊಳ್ಳಬಹುದು. ಒಳಗಿನ ಕ್ಯಾಪ್ಸೂಲು ಕೂಡ ಬಿಡಿಯಾಗಿ ಸಿಗುತ್ತದೆ.

ಪೈಪೋಟಿಯ ಮೈಕುಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಸೆನ್‌ಹೈಸರ್ ಇ835 ಕೂಡ ಕಾರ್ಡಿಯಾಯ್ಡ್ ಮೈಕೇ. ಅದರ ಸಂಕೇತ ಸ್ವಲ್ಪ ಬಲವಾದದ್ದು, ದನಿಯಲ್ಲಿ ಹೊಳಪು ಹೆಚ್ಚು, ತೆಳುದನಿಯವರಿಗೆ ಅದು ಇಷ್ಟವಾಗಬಹುದು. ಶೂರ್‌ನದೇ ಬೀಟಾ 58ಎ ಇನ್ನೂ ಸ್ಪಷ್ಟ, ಬೆಲೆಯೂ ಹೆಚ್ಚು. ಅದು ಸೂಪರ್ ಕಾರ್ಡಿಯಾಯ್ಡ್ ಆದ ಕಾರಣ ನೇರ ಹಿಂಬದಿಯಿಂದ ಸ್ವಲ್ಪ ಸದ್ದು ಹಿಡಿಯುತ್ತದೆ, ಮಾನಿಟರನ್ನು ತುಸು ಓರೆಗೆ ಇಡಬೇಕಾಗುತ್ತದೆ, ಪ್ರತಿ ಊರಿನಲ್ಲೂ ಇದನ್ನು ವಿವರಿಸುತ್ತ ಕೂರುವುದು ಕಷ್ಟ. ಬೆಹ್ರಿಂಗರ್ ಎಕ್ಸ್‌ಎಂ8500 ಬಹಳ ಅಗ್ಗ, ಅಭ್ಯಾಸದ ಕೋಣೆಗೆ ಧಾರಾಳವಾಗಿ ಸಾಕು. ನಮ್ಮ ದೇಶದ ಅಹುಜಾ ಕಂಪನಿಯ ಮೈಕುಗಳು ಭಾಷಣಕ್ಕೂ ಭಜನೆಗೂ ಊರೂರಿನಲ್ಲಿ ನಿಷ್ಠೆಯಿಂದ ಕೆಲಸ ಮಾಡುತ್ತಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಮೂರು ವಾದ್ಯಗಳ ನಡುವೆ ನಿಂತು ಹೊಸ ಸಾಹಿತ್ಯವನ್ನು ದಾಟಿಸಬೇಕಾದಾಗ ನನ್ನ ಆಯ್ಕೆ ಎಸ್‌ಎಂ58.

ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಏರಿಳಿಯುತ್ತಿರುತ್ತದೆ. ಕೆಫೆಯ ಸಂಜೆಗೆ ಸಿಗುವ ಸಂಭಾವನೆಯನ್ನು ನಾಲ್ವರಿಗೆ ಹಂಚಿಕೊಳ್ಳುವ ತಂಡಕ್ಕೆ ಇದು ಸಣ್ಣ ಮೊತ್ತವಲ್ಲ. ನಾವು ಕೆಲವು ಕಾರ್ಯಕ್ರಮಗಳ ಹಣವನ್ನು ಹಂಚಿಕೊಳ್ಳದೆ ಕೂಡಿಟ್ಟು ಕೊಂಡೆವು. ಜಗತ್ತಿನಲ್ಲಿ ಬಹಳವಾಗಿ ನಕಲಾಗುವ ಮೈಕುಗಳಲ್ಲಿ ಇದೂ ಒಂದು, ಆದ್ದರಿಂದ ಅರ್ಧ ಬೆಲೆಗೆ ಹೊಸದು ಎಂದು ಯಾರಾದರೂ ತೋರಿಸಿದರೆ ಕೈಹಾಕದಿರುವುದು ಕ್ಷೇಮ. ಅಧಿಕೃತ ಮಾರಾಟಗಾರರಿಂದ ಬಿಲ್ಲು ಮತ್ತು ವಾರಂಟಿ ಸಹಿತ ತೆಗೆದುಕೊಳ್ಳಬೇಕು. ಮನೆಗೆ ತಂದ ಮೇಲೆ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಯೂ ನೋಡಬಹುದು: ತೂಕ 298 ಗ್ರಾಂ ಹತ್ತಿರ ಇದ್ದ ಮಾತ್ರಕ್ಕೆ ಅಸಲಿಯೆಂದು ಹೇಳಲಾಗದು, ಆದರೆ ಬಹಳ ಕಡಿಮೆ ಬಂದರೆ ಅನುಮಾನಿಸಲು ಅಷ್ಟು ಸಾಕು.

ಸ್ವಿಚ್ ಇರುವ ಎಸ್‌ಎಂ58ಎಸ್ ಎಂಬ ಮಾದರಿಯೂ ಇದೆ. ಹಾಡುವವರಿಗೆ ನಾನು ಸ್ವಿಚ್ ಇಲ್ಲದ್ದನ್ನೇ ಹೇಳುತ್ತೇನೆ. ಹಾಡಿನ ನಡುವೆ ಹೆಬ್ಬೆರಳು ತಾಗಿ ದನಿ ನಿಲ್ಲುವ ಸಾಧ್ಯತೆಯೇ ಅಲ್ಲಿರುವುದಿಲ್ಲ. ಮೈಕಿನೊಂದಿಗೆ ಹತ್ತು ಮೀಟರಿನ ಒಂದು ಒಳ್ಳೆಯ ಎಕ್ಸ್‌ಎಲ್‌ಆರ್ ಕೇಬಲ್, ಜ್ಯಾಕಿಗೆ ಹೋಗುವ ಒಂದು ಗಿಡ್ಡ ಕೇಬಲ್, ಒಂದು ಹೆಚ್ಚುವರಿ ಕ್ಲಿಪ್ ಇವಿಷ್ಟನ್ನು ಅದೇ ದಿನ ಕೊಂಡು ಒಂದೇ ಚೀಲದಲ್ಲಿ ಇಡಬೇಕು. ತಂಡದಲ್ಲಿ ಇಬ್ಬರು ಹಾಡುವವರಿದ್ದರೆ ಎರಡೂ ಮೈಕುಗಳು ಒಂದೇ ಮಾದರಿಯವಾಗಿರುವುದು ಲೇಸು, ಏಕೆಂದರೆ ಪಲ್ಲವಿಯಲ್ಲಿ ದನಿಗಳು ಜೋಡಿಯಾಗುವಾಗ ಒಂದು ಹೊಳಪಾಗಿ ಇನ್ನೊಂದು ಮಂಕಾಗಿ ಕೇಳಿಸಿದರೆ ಸ್ವರ ಸರಿಯಿದ್ದರೂ ಕೂಡಿದಂತೆ ಅನಿಸುವುದಿಲ್ಲ. ಕೊಂಕಣಿ ಹಾಡುಗಳಲ್ಲಿ ಎರಡನೆಯ ದನಿಗೆ ಇರುವ ಮಹತ್ವ ಇಲ್ಲಿಯವರಿಗೆ ಗೊತ್ತೇ ಇದೆ. ನಮ್ಮ ಗಿಟಾರಿನ ಗೆಳೆಯ ಈಗ ಆ ಎರಡನೆಯ ದನಿಯನ್ನು ಹಾಡಲು ಆರಂಭಿಸಿದ್ದಾನೆ. ಮಳೆ ಮುಗಿದು ವಾರ್ಷಿಕೋತ್ಸವಗಳ ಕಾಲ ಶುರುವಾಗುವ ಮೊದಲು ಅವನಿಗೂ ಒಂದು ಎಸ್‌ಎಂ58 ಕೊಳ್ಳಲೆಂದು ಮತ್ತೆ ಹಣ ಕೂಡಿಡುತ್ತಿದ್ದೇವೆ.